ನಾವು ತಡೆಯುವುದಿಲ್ಲ

ಜೂನ್ ೪, ಬುಧವಾರ

ಕಡ್ಡಿ ಇವತ್ತೂ ಹಾಸಿಗೆ ಒದ್ದೆ ಮಾಡಿಕೊಂಡಳು. ಹತ್ತು ವರ್ಷದ ಮಗಳು. ನಾನು ಏನೂ ಅನ್ನದೆ ಚಾದರ ಎಳೆದು ಬಕೆಟ್ಟಿಗೆ ಹಾಕಿದೆ. ಲಾಂಡ್ರಿಯಲ್ಲಿ ದಿನವಿಡೀ ಹೋಟೆಲಿನವರ ಚಾದರ ಒಗೆದು, ಮಡಿಸಿ ಬರುವವಳಿಗೆ ಮನೆಯದೊಂದು ಚಾದರ ಹೆಚ್ಚಲ್ಲ. ಆದರೆ ಅವಳು ಗೋಡೆಯ ಕಡೆ ಮುಖ ಮಾಡಿ ಸುಮ್ಮನೆ ನಿಂತದ್ದು ನನಗೆ ಹಿಡಿಸಲಿಲ್ಲ. ಯಾರ ಮುಂದೆಯೂ ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆಂದೇ ಆ ಅಡ್ಡಹೆಸರು ಬಿದ್ದದ್ದು. ಈಗ ಮೈಯೂ ಹೆಸರಿಗೆ ತಕ್ಕ ಹಾಗೆ ಆಗುತ್ತಿದೆ. ಶಾಲೆಯ ಲಂಗ ಸೊಂಟದಲ್ಲಿ ನಿಲ್ಲದೆ ಪಿನ್ನು ಹಾಕಿ ಕಳಿಸಿದೆ. ನೀರಂತೂ ಎಷ್ಟು ಕುಡಿದರೂ ಸಾಲದು.

ಸಂಜೆ ನಮ್ಮ ಸಭೆಯ ಹಿರಿಯರು ಬಂದು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅವರ ಕೈ ಬಿದ್ದರೆ ನನಗೂ ಎದೆಯೊಳಗೆ ತಂಪಾಗುತ್ತದೆ. ತಮ್ಮ ಸ್ವಂತ ಮಗ ಜ್ವರದಲ್ಲಿ ಹೋಗುವಾಗಲೂ ಮದ್ದಿನ ಕಡೆ ಕಣ್ಣೆತ್ತಿ ನೋಡದವರು ಅವರು. ನಮ್ಮ ಯಜಮಾನರು ಲಿಫ್ಟ್ ರಿಪೇರಿ ಮಾಡಲು ಹೋಗಿ ಗುಂಡಿಗೆ ಬಿದ್ದು ಬೆನ್ನು ಮುರಿದುಕೊಂಡಾಗ, ಇನ್ನು ಓಡಾಡುವ ಆಸೆ ಬಿಡಿ ಎಂದಿದ್ದರು ಡಾಕ್ಟರು. ಸಭೆಯವರು ಸರದಿಯ ಮೇಲೆ ಕೂತು ಪ್ರಾರ್ಥಿಸಿದರು. ಇವರು ಎದ್ದು ನಡೆದರು. ಅಂದಿನಿಂದ ನಮ್ಮ ಮನೆಯೊಳಗೆ ಮಾತ್ರೆಯಾಗಲಿ ಸೂಜಿಯಾಗಲಿ ಕಾಲಿಟ್ಟಿಲ್ಲ. ಮಾತು ಕೊಟ್ಟಿದ್ದೇವೆ.

ಕಡ್ಡಿಯೂ ಕೊಟ್ಟಿದ್ದಾಳೆ, ಕಳೆದ ವರ್ಷ. ಅವಳಿಗೆ ನಾನೇ ಹೇಳಿಕೊಟ್ಟದ್ದು.

ಜೂನ್ ೯, ಸೋಮವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆಯಿಂದ ವಾಂತಿ. ಮಧ್ಯಾಹ್ನದ ಹೊತ್ತಿಗೆ ಕರೆದರೂ ಕಣ್ಣು ಬಿಡದಾದಳು. ಓಡಿ ಬಂದವರ ಹಾಗೆ ಉಸಿರು ಎಳೆಯುತ್ತಿದ್ದಳು. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಇವರು ಮಂಚದ ಪಕ್ಕ ಮೊಣಕಾಲೂರಿ ಕೂತಿದ್ದರು. ಅಷ್ಟರಲ್ಲಿ ನಾದಿನಿ ಬಂದಳು. ಇವರ ತಂಗಿ, ಬಸ್ಸಿನಲ್ಲಿ ಕಂಡಕ್ಟರು, ನಮ್ಮ ಸಭೆಗೆ ಸೇರಿದವಳಲ್ಲ. ಮಗುವನ್ನು ನೋಡಿದವಳೇ ಟಿಕೆಟ್ಟಿನ ಚೀಲ ನೆಲಕ್ಕೆ ಹಾಕಿ, ಎತ್ತಿ ಹೆಗಲಿಗೆ ಹಾಕಿಕೊಂಡಳು. ಇವರು ಬಾಗಿಲಿಗೆ ಅಡ್ಡ ನಿಂತರು.

"ಅಣ್ಣಾ, ದಾರಿ ಬಿಡು. ಇಲ್ಲಾಂದ್ರೆ ನಿನ್ನ ತುಳ್ಕೊಂಡೇ ಹೋಗ್ತೀನಿ."

ಇವರು ನನ್ನ ಕಡೆ ನೋಡಿದರು. ನಾನೂ ಹೋಗಿ ಬಾಗಿಲಲ್ಲಿ ನಿಲ್ಲಬೇಕಿತ್ತು. ಕೈಯಲ್ಲಿ ವಾಂತಿ ಒರೆಸಿದ ಬಟ್ಟೆ ಇತ್ತು. ಅದನ್ನು ಎಲ್ಲಿಡುವುದೆಂದು ತೋಚದೆ ನಿಂತುಬಿಟ್ಟೆ. ಒಬ್ಬರೇ ಎಷ್ಟು ಹೊತ್ತು ಅಡ್ಡ ನಿಂತಾರು?

ಡಾಕ್ಟರು ಹೊರಗೆ ಬಂದು, ಇದು ಸಕ್ಕರೆ ಕಾಯಿಲೆ, ಮಕ್ಕಳಿಗೂ ಬರುತ್ತದೆ, ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗಿದೆ, ಹೊರಗಿನಿಂದ ಚುಚ್ಚಿ ಕೊಡಬೇಕು ಎಂದರು. ಎಷ್ಟು ದಿನ ಎಂದು ಕೇಳಿದೆ. ಬದುಕಿರುವವರೆಗೂ ಅಂದರು. ಒಂದು ಸಲದ ಪಾಪವಾದರೆ ಹೊತ್ತುಕೊಳ್ಳಬಹುದಿತ್ತು.

ಇವರು ಒಪ್ಪಿಗೆ ಕೊಡಲಿಲ್ಲ. ಕಾಗದವನ್ನು ನನ್ನ ಮುಂದೆ ಹಿಡಿದಾಗ ನಾನೂ ಬೇಡವೆಂದು ತಲೆಯಾಡಿಸಿದೆ. ಡಾಕ್ಟರು ನಮ್ಮ ಜೊತೆ ವಾದಕ್ಕೆ ನಿಲ್ಲದೆ ಒಳಗೆ ಹೋಗಿ ಫೋನು ಹಿಡಿದರು. ಸಂಜೆಗೆ ನ್ಯಾಯಾಲಯದಿಂದ ಆಜ್ಞೆ ಬಂತು. ಚುಚ್ಚಿದರು.

ಜೂನ್ ೧೨, ಗುರುವಾರ

ಕಡ್ಡಿ ಎದ್ದು ಕೂತು ಊಟ ಕೇಳಿದಳು. ಡಾಕ್ಟರ ಮೂಗಿನೊಳಗೆ ಕಾಡು ಬೆಳೆದಿದೆ, ಮೊದಲು ಅದಕ್ಕೆ ಚಿಕಿತ್ಸೆ ಆಗಲಿ ಎಂದಳು. ಡಾಕ್ಟರೂ ನಕ್ಕರು. ನನಗೆ ನಗು ಬಂದು, ನಗುತ್ತಿದ್ದೇನಲ್ಲ ಎಂದು ಗಾಬರಿಯಾಯಿತು.

ಪ್ರಾರ್ಥನೆಯೇ ಉಳಿಸಿತು ಎನ್ನುತ್ತಾರೆ ಇವರು. ನಾನೂ ಹಾಗೇ ತಿಳಿದಿದ್ದೇನೆ.

ಇವರು ಚಹಾ ಕುಡಿಯಲು ಹೋದಾಗ ಕಡ್ಡಿ ನನ್ನ ಸೆರಗು ಎಳೆದು, ನನ್ನ ಮೈಯೊಳಗೆ ಪಾಪ ಸೇರಿತಾ ಅಮ್ಮಾ ಎಂದು ಕೇಳಿದಳು. ನಿನಗೆ ಪ್ರಜ್ಞೆಯೇ ಇರಲಿಲ್ಲ, ನಿನ್ನ ತಪ್ಪಲ್ಲ ಎಂದೆ.

"ಇನ್ಮೇಲೆ ಪ್ರಜ್ಞೆ ಇರತ್ತಲ್ಲ. ಆವಾಗ?"

ಅವಳ ತಲೆ ಬಾಚಿಕೊಟ್ಟೆ.

ಜೂನ್ ೧೮, ಬುಧವಾರ

ಮೊದಲ ಸಲ ನ್ಯಾಯಾಲಯದ ಒಳಗೆ ಹೋದದ್ದು. ದೊಡ್ಡ ಹಾಲು ಇರುತ್ತದೆಂದು ತಿಳಿದಿದ್ದೆ. ಮಗುವಿನ ವಿಷಯವಾದ್ದರಿಂದ ಹೊರಗಿನವರಿಗೆ ಪ್ರವೇಶವಿಲ್ಲದ ಸಣ್ಣ ಕೋಣೆ. ಹಸಿರು ಬಟ್ಟೆ ಹಾಸಿದ ಮೇಜು, ಕಾಲು ಅಲ್ಲಾಡುವ ಕುರ್ಚಿಗಳು. ನ್ಯಾಯಾಧೀಶೆಗೆ ನೆಗಡಿಯಾಗಿತ್ತು. ಮಾತಿನ ನಡುವೆ ಕರವಸ್ತ್ರಕ್ಕೆ ಸೀನುತ್ತಿದ್ದರು. ನಮ್ಮ ಬಾಳು ಈಕೆಯ ಬಾಯಿಂದ ಹೊರಡುವ ಮಾತಿನ ಮೇಲೆ ನಿಂತಿದೆ, ಈಕೆಗೆ ನೋಡಿದರೆ ಮೂಗು ಸೋರುತ್ತಿದೆ ಅನ್ನಿಸಿತು.

ನಮ್ಮ ವಕೀಲರು ಚೆನ್ನಾಗಿ ಮಾತಾಡಿದರು. ಯಾವ ನಂಬಿಕೆಯಲ್ಲಿ ಮಕ್ಕಳನ್ನು ಬೆಳೆಸಬೇಕೆಂಬುದು ತಂದೆತಾಯಿಗೆ ಬಿಟ್ಟದ್ದು, ಇವರಿಬ್ಬರೂ ಮಗುವನ್ನು ಹೊಡೆದವರಲ್ಲ, ಉಪವಾಸ ಕೆಡವಿದವರಲ್ಲ, ಎಂದರು. ಆಮೇಲೆ ಕಡ್ಡಿಯ ಪರವಾಗಿ ನ್ಯಾಯಾಲಯವೇ ನೇಮಿಸಿದ ವಕೀಲೆ ಎದ್ದರು. ನನಗಿಂತ ಚಿಕ್ಕ ವಯಸ್ಸು. ತಮ್ಮ ಪ್ರಾಣವನ್ನು ನಂಬಿಕೆಗೆ ಒಪ್ಪಿಸುವ ಹಕ್ಕು ದೊಡ್ಡವರಿಗೆ ಇದೆ, ಮಗುವಿನ ಪ್ರಾಣವನ್ನು ಒಪ್ಪಿಸುವ ಹಕ್ಕಿಲ್ಲ, ಅವಳು ದೊಡ್ಡವಳಾಗಿ ತಾನೇ ಆರಿಸಿಕೊಳ್ಳಲಿ, ಅದಕ್ಕೆ ಮೊದಲು ಅವಳು ದೊಡ್ಡವಳಾಗಬೇಕಲ್ಲ, ಎಂದರು. ಅಷ್ಟು ಹೇಳಿ ಕೂತರು. ನಮ್ಮ ವಕೀಲರು ಹೇಳಿದ್ದು ಇದರ ನಾಲ್ಕು ಪಟ್ಟು ಇತ್ತು. ಈಗ ನೆನಪಿಗೆ ಬರುತ್ತಿರುವುದು ಇದೇ.

ಮುಂದಿನ ತೀರ್ಮಾನದವರೆಗೆ ಕಡ್ಡಿ ನಾದಿನಿಯ ಮನೆಯಲ್ಲಿರಬೇಕು. ಅವಳೇ ಚುಚ್ಚಬೇಕು. ನಾವು ಸಂಜೆ ಹೋಗಿ ನೋಡಬಹುದು.

ಜೂನ್ ೨೯, ಭಾನುವಾರ

ಸಭೆಯಲ್ಲಿ ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಹಿರಿಯರು ನಮ್ಮ ಮಾತೇ ಆಡಿದರು. ಹೆಂಗಸರು ಬಂದು ಕೈ ಹಿಡಿದು ಅತ್ತರು. ಒಬ್ಬಾಕೆ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡಳು. ಬಿಸಿನೀರಿಗೂ ಸೋಪಿಗೂ ಸುಲಿದುಹೋದ ಕೈ. ಇಷ್ಟು ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ. ಮೈ ಹಗುರಾಯಿತು.

ಮುಗಿದ ಮೇಲೆ ಹಿರಿಯರನ್ನು, ನಿಮ್ಮ ಮಗ ಹೋದಾಗ ಎಷ್ಟು ವರ್ಷದವನಾಗಿದ್ದ ಎಂದು ಕೇಳಿದೆ. ಯಾಕೆ ಕೇಳಿದೆನೋ. ಅವರು ನೆತ್ತಿ ಕೆರೆದುಕೊಂಡು, "ಆರಿರಬೇಕಮ್ಮ. ಇಲ್ಲ, ಏಳು," ಎಂದರು. ಪಾಪ, ಎಷ್ಟು ಕಾಲವಾಯಿತು. ಮರೆವು ಯಾರಿಗಿಲ್ಲ.

ಜುಲೈ ೧೫, ಮಂಗಳವಾರ

ಕಡ್ಡಿಯ ಕೆನ್ನೆ ತುಂಬಿಕೊಂಡಿದೆ. ಲಂಗಕ್ಕೆ ಪಿನ್ನು ಬೇಕಿಲ್ಲ. ನಾದಿನಿಯ ಮನೆಯ ಮೆಟ್ಟಿಲು ಒಂದೊಂದು ಬಿಟ್ಟು ಹಾರಿಕೊಂಡು ಇಳಿದಳು. ನಾನು ಕೂತಿದ್ದಾಗಲೇ ನಾದಿನಿ ಸೂಜಿ ತಂದಳು. ನಾನು ಎದ್ದು ಅಡುಗೆಮನೆಗೆ ಹೋದೆ. ಸ್ಪಿರಿಟ್ಟಿನ ವಾಸನೆ ಅಲ್ಲಿಗೂ ಬಂತು. ಕಡ್ಡಿ ಚುಚ್ಚಿಸಿಕೊಳ್ಳುವಾಗ ನಮ್ಮ ಸಭೆಯ ಹಾಡನ್ನು ಜೋರಾಗಿ ಹಾಡುತ್ತಿದ್ದಳು, ನನಗೆ ಕೇಳಿಸಲಿ ಎಂದು.

ಹೊರಡುವಾಗ ನಾದಿನಿ ಬಾಗಿಲ ಹೊರಗೆ ಬಂದು ಮೆಲ್ಲಗೆ ಹೇಳಿದಳು:

"ಅತ್ತಿಗೆ, ನೀವು ಎದ್ದು ಹೋಗ್ಬೇಡಿ. ನೀವು ಎದ್ದಾಗೆಲ್ಲ ಅವಳು ಆ ಬಾಗಿಲನ್ನೇ ನೋಡ್ತಿರ್ತಾಳೆ."

ನನ್ನ ಮನಸ್ಸಿಗೆ ಒಪ್ಪದ್ದನ್ನು ನಾನು ಕೂತು ನೋಡಬೇಕೆಂದು ಯಾವ ನ್ಯಾಯಾಲಯ ಹೇಳಿದೆ? ಹಾಗೆಂದೇ ಕೇಳಿದೆ. ಅವಳು ಬಾಗಿಲು ಹಾಕಿಕೊಂಡಳು.

ಜುಲೈ ೨೮, ಸೋಮವಾರ

ವಕೀಲರು ಒಂದು ದಾರಿ ಹುಡುಕಿದ್ದಾರೆ. ಚಿಕಿತ್ಸೆ ಕೊಡುತ್ತೇವೆಂದು ನಾವು ಒಪ್ಪಬೇಕಿಲ್ಲ. ತಡೆಯುವುದಿಲ್ಲ ಎಂದರೆ ಸಾಕು. ಬೆಳಿಗ್ಗೆ, ಸಂಜೆ ನಾದಿನಿ ಬಂದು ಚುಚ್ಚುತ್ತಾಳೆ, ಕಡ್ಡಿ ನಮ್ಮ ಮನೆಯಲ್ಲೇ ಇರುತ್ತಾಳೆ. ಹಿರಿಯರು ಕಣ್ಣು ಮುಚ್ಚಿ ಯೋಚಿಸಿ ಒಪ್ಪಿದರು. ತಡೆಯುವುದೂ ಬೇಡ, ಸಹಾಯ ಮಾಡುವುದೂ ಬೇಡ, ನೋಡುವುದೂ ಬೇಡ. ನಿಮ್ಮ ಕೈ ಶುದ್ಧವಾಗಿರುತ್ತದೆ ಎಂದರು.

ಇವತ್ತು ನ್ಯಾಯಾಧೀಶೆಯ ಮುಂದೆ ಇಬ್ಬರೂ ನಿಂತು "ನಾವು ತಡೆಯುವುದಿಲ್ಲ" ಎಂದೆವು. ಅವರು ನಮ್ಮ ಮುಖವನ್ನು ತುಂಬಾ ಹೊತ್ತು ನೋಡಿದರು. ಮೂರು ವಾರ ಮನೆಯಲ್ಲಿಟ್ಟು ನೋಡೋಣ, ಆಮೇಲೆ ಕೊನೆಯ ತೀರ್ಪು, ಎಂದರು.

ಕಡ್ಡಿ ಬಂದಾಯಿತು. ಮನೆ ಮನೆಯ ಹಾಗಿದೆ.

ಆಗಸ್ಟ್ ೭, ಗುರುವಾರ

ನಾದಿನಿಗೆ ಸಂಜೆಯ ಪಾಳಿ ಬಿದ್ದಿದೆ. ಬದಲಿಸಿಕೊಡಿ ಎಂದು ಎಷ್ಟು ಬೇಡಿದರೂ ಡಿಪೋದವರು ಕೇಳಲಿಲ್ಲವಂತೆ. ಕಡ್ಡಿ ತಾನೇ ಚುಚ್ಚಿಕೊಳ್ಳಲು ಕಲಿತಿದ್ದಾಳೆ, ಆದ್ದರಿಂದ ಸಂಜೆಯದು ಅವಳೇ. "ಬಾಗಿಲು ಹಾಕ್ಕೊಂಡು ಮಾಡು ಪುಟ್ಟಾ," ಎಂದರು ಇವರು. ಕೋರ್ಟಿಗೆ ತಿಳಿಸಬೇಕಲ್ಲವೇ ಎಂದು ನಾನು ಕೇಳಿದ್ದಕ್ಕೆ, ಅದೆಲ್ಲ ಯಾಕೆ, ನಾವು ತಡೆದಿಲ್ಲವಲ್ಲ ಎಂದರು.

ಸಂಜೆ ಕಡ್ಡಿ ಡಬ್ಬಿ ಹಿಡಿದು ಬಚ್ಚಲಮನೆಗೆ ಹೋಗುತ್ತಾಳೆ. ಚಿಲಕದ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಚಿಲಕದ ಸದ್ದು. ಬಂದವಳೇ ನನ್ನ ಮುಖ ನೋಡುತ್ತಾಳೆ. ನಾನು ಬಟ್ಟೆ ಮಡಿಸುತ್ತಿರುತ್ತೇನೆ.

ಆಗಸ್ಟ್ ೧೩, ಬುಧವಾರ

ಬೆಳಿಗ್ಗೆ ರಕ್ತ ನೋಡುವ ಯಂತ್ರದಲ್ಲಿ ಸಕ್ಕರೆ ಏರಿದೆಯೆಂದು ನಾದಿನಿ ಹುಬ್ಬು ಗಂಟಿಕ್ಕಿದಳು. ವಾರ ಕಳೆದು ಡಾಕ್ಟರಿಗೆ ತೋರಿಸಿ ಮದ್ದು ಹೆಚ್ಚಿಸಬೇಕು ಎಂದಳು.

ಕಡ್ಡಿ ನಲ್ಲಿಗೆ ಬಾಯಿಟ್ಟು ನೀರು ಕುಡಿಯುತ್ತಿದ್ದಳು.

ಆಗಸ್ಟ್ ೧೪, ಗುರುವಾರ

ಚಾದರ ಒದ್ದೆ.

ಆಗಸ್ಟ್ ೧೫, ಶುಕ್ರವಾರ

ಲಾಂಡ್ರಿಯಲ್ಲಿ ಇಸ್ತ್ರಿಯ ಉರುಳೆಗೆ ಚಾದರ ಸೊಟ್ಟ ಕೊಟ್ಟು ಎರಡು ಸಲ ಬೈಸಿಕೊಂಡೆ. ಬೇಗ ಬಂದುಬಿಟ್ಟೆ. ಬಚ್ಚಲಮನೆಯ ಬಾಗಿಲಿಗೆ ಹೋಗಿ ನಿಂತೆ. ನೋಡುವುದಿಲ್ಲ ಎಂದು ಹಿರಿಯರ ಮುಂದೆ ಒಪ್ಪಿದ್ದೆ. ಚಿಲಕದ ಪಕ್ಕದಲ್ಲಿ ಹಲಗೆ ಬಿರಿದಿದೆ. ಕಣ್ಣಿಟ್ಟೆ.

ಕಡ್ಡಿ ಸೂಜಿಯನ್ನು ನೀರು ಹೋಗುವ ಕಿಂಡಿಯ ಮೇಲೆ ಹಿಡಿದು ಒತ್ತುತ್ತಿದ್ದಳು. ಹನಿ ಹನಿಯಾಗಿ ಬಿತ್ತು. ಆಮೇಲೆ ತಂಬಿಗೆ ನೀರು ಸುರಿದಳು. ಹೊಟ್ಟೆಯ ಮೇಲಿನ ಅಂಗಿಯನ್ನು ಚುಚ್ಚಿಕೊಂಡವಳ ಹಾಗೆ ಸರಿ ಮಾಡಿಕೊಂಡಳು.

ಬಾಗಿಲು ತೆಗೆದಾಗ ನಾನು ಎದುರಿಗೇ ಇದ್ದೆ. ಅವಳು ಹೆದರಲಿಲ್ಲ. ತರಗತಿಗೇ ಮೊದಲನೆಯವಳಾದವಳ ಹಾಗೆ ಮುಖ ಅರಳಿತು.

"ಸಂಜೆಯದು ನಾನು ಒಂದು ಸಲಾನೂ ತಗೊಂಡಿಲ್ಲ ಅಮ್ಮಾ. ಬೆಳಿಗ್ಗೆ ಅತ್ತೆ ಹಿಡ್ಕೊಂಡು ಚುಚ್ತಾಳೆ, ಅದು ಲೆಕ್ಕಕ್ಕಿಲ್ಲ ಅಲ್ವಾ?"

ತಗೋ ಎಂದೆ. ಈಗಲೇ ತಗೋ, ನನ್ನ ಮುಂದೆ ತಗೋ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು.

"ನೀನು ಪರೀಕ್ಷೆ ಮಾಡ್ತಿದ್ದೀಯ. ನಂಗೊತ್ತು. ನಾನು ಸೋಲಲ್ಲ."

ಗದರಿದೆ. ಬೇಡಿಕೊಂಡೆ. ಗದರಿದಷ್ಟೂ, ಬೇಡಿದಷ್ಟೂ ಅವಳಿಗೆ ಖಾತ್ರಿಯಾಗುತ್ತ ಹೋಯಿತು. ಇದೆಲ್ಲ ನಾನೇ ಕಲಿಸಿದ್ದು. ಪರೀಕ್ಷೆ ಅತಿ ಪ್ರೀತಿಯವರ ಬಾಯಿಂದಲೇ ಬರುತ್ತದೆಂದು ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಹೇಳಿದವಳು ನಾನು. ನನ್ನ ಮಾತನ್ನು ನನಗೇ ತಿರುಗಿಸಿ ಕೊಡುತ್ತಿದ್ದಳು, ಒಂದು ಅಕ್ಷರವೂ ತಪ್ಪದೆ.

ಇವರು ಬಂದ ಮೇಲೆ ಹೇಳಿದೆ. ಇವರ ಕಣ್ಣು ತುಂಬಿತು. "ದೇವರು ಮಗುವಿನ ಬಾಯಲ್ಲಿ ಮಾತಾಡ್ತಿದಾನೆ ಕಣೇ," ಎಂದರು. ಸೋಮವಾರ ತೀರ್ಪು, ಅಲ್ಲಿಯವರೆಗೆ ಇದು ಈ ನಾಲ್ಕು ಗೋಡೆ ದಾಟಬಾರದು ಎಂದರು.

ನಾನು ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ನಾದಿನಿಯ ಬಸ್ಸು ಬರುವವರೆಗೆ ನಿಂತೆ. ಅವಳು ಬಾಗಿಲಲ್ಲಿ ಜೋತುಬಿದ್ದು ಜನರನ್ನು ಒಳಗೆ ತಳ್ಳುತ್ತಿದ್ದವಳು ನನ್ನ ಮುಖ ನೋಡಿ ಹಾಗೆಯೇ ಇಳಿದುಬಿಟ್ಟಳು. ಡ್ರೈವರು ಹಾರನ್ನು ಒತ್ತುತ್ತಲೇ ಇದ್ದ.

ಮನೆಗೆ ಬಂದು ಅವಳೇ ಚುಚ್ಚಿದಳು. ಕಡ್ಡಿ ಕೈಕಾಲು ಬಡಿದಳು. ಕಾಲು ಅದುಮಿ ಹಿಡಿಯುವವರು ಬೇಕಿತ್ತು. ಇವರು ಅಂಗಳಕ್ಕೆ ಇಳಿದು ಹೋದರು.

ಹಿಡಿದೆ.

ಆಗಸ್ಟ್ ೧೮, ಸೋಮವಾರ

ಹೇಗೆ ನಡೆಯಿತೋ ಹಾಗೆ ಬರೆದಿಡುತ್ತೇನೆ.

ಶುಕ್ರವಾರದ ಮಾತನ್ನು ನಾದಿನಿಯೇ ವಕೀಲೆಗೆ ತಿಳಿಸುತ್ತೇನೆಂದಿದ್ದಳು. ಬೇಡ, ನಾನೇ ಹೇಳುತ್ತೇನೆ ಎಂದು ಅವಳ ಕೈ ಹಿಡಿದು ಕೇಳಿಕೊಂಡಿದ್ದೆ. ಹೇಳುತ್ತೇನೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಇವರು ಮೊದಲು ಮಾತಾಡಿದರು. ಮೂರು ವಾರ ನಾವು ತಡೆದಿಲ್ಲ, ಮಗು ಸಂತೋಷವಾಗಿದೆ ಎಂದರು. ಎರಡೂ ಸುಳ್ಳಲ್ಲ. ನ್ಯಾಯಾಧೀಶೆಗೆ ನೆಗಡಿ ವಾಸಿಯಾಗಿತ್ತು, ದನಿ ಮೆತ್ತಗಿತ್ತು. ಮಗು ತಂದೆತಾಯಿಯ ಜೊತೆಯಲ್ಲೇ ಬೆಳೆಯುವುದು ಒಳ್ಳೆಯದು, ಇಬ್ಬರೂ ಮಾತು ಉಳಿಸಿಕೊಂಡಿದ್ದೀರಿ ಎಂದರು. ನಮ್ಮ ವಕೀಲರು ಆಗಲೇ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ನ್ಯಾಯಾಧೀಶೆ ನನ್ನ ಕಡೆ ತಿರುಗಿ, ತಾಯಿ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಕೇಳಬೇಕಲ್ಲ ಎಂದು ಕೇಳಿದ್ದು.

"ಮಗುನ ನಮ್ಮ ಮನೆಗೆ ಕೊಡಬೇಡಿ," ಎಂದೆ.

ಇವರು ನನ್ನ ತೋಳು ಹಿಡಿದರು. ಬಿಡಿಸಿಕೊಳ್ಳಲಿಲ್ಲ. ಹಿಡಿದಿರಲಿ ಎಂದು ಹಾಗೆಯೇ ನಿಂತು ಎಲ್ಲವನ್ನೂ ಹೇಳಿದೆ. ಸಂಜೆಯ ಪಾಳಿ, ಚಿಲಕ, ಕಿಂಡಿ, ಎಲ್ಲ. ಹಾಗಾದರೆ ಈಗ ನೀವು ಚಿಕಿತ್ಸೆಗೆ ಒಪ್ಪುತ್ತೀರಾ ಎಂದು ನ್ಯಾಯಾಧೀಶೆ ಕೇಳಿದರು.

"ಇಲ್ಲಮ್ಮ. ನನ್ನ ನಂಬಿಕೆ ಬದಲಾಗಿಲ್ಲ. ಅದಕ್ಕೇ ಕೇಳ್ತಿರೋದು. ನಾನು ಬಾಯಲ್ಲಿ ತಗೋ ಅಂದ್ರೂ ಅವಳು ನನ್ನ ಮುಖ ನೋಡಿ ಬೇಡ ಅಂತ ತಿಳ್ಕೊಳ್ತಾಳೆ. ಅವಳು ನನ್ನ ಮಾತು ಕೇಳಿ ಸಾಯ್ತಾಳೆ. ನನ್ನಿಂದ ದೂರ ಇಡಿ."

ಮಗು ಅತ್ತೆಯ ಬಳಿಯೇ ಇರಲಿ ಎಂದು ಆಜ್ಞೆಯಾಯಿತು. ಅವಳ ಪಾಳಿ ಬದಲಿಸಬೇಕೆಂದು ಡಿಪೋಗೂ ಆಜ್ಞೆ ಹೋಯಿತು.

ಕಡ್ಡಿ ಹೊರಗಿನ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು. ನಾನೇ ಹೇಳಿದೆ, ಇನ್ನೊಬ್ಬರ ಬಾಯಿಂದ ಕೇಳುವುದು ಬೇಡವೆಂದು. ಅವಳು ಅಳಲಿಲ್ಲ.

"ನೀನು ಸೋತುಬಿಟ್ಟೆ," ಎಂದಳು. ಅತ್ತೆಯ ಕೈ ಹಿಡಿದು ಹೊರಟುಹೋದಳು. ತಿರುಗಿ ನೋಡಲಿಲ್ಲ.

ಆಗಸ್ಟ್ ೩೧, ಭಾನುವಾರ

ಸಭೆಗೆ ಹೋಗಿದ್ದೆ. ನಾನು ಕೂತ ಸಾಲಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಇವರು ಮುಂದಿನ ಸಾಲಿನಲ್ಲಿ ಒಬ್ಬರೇ ಕೂತಿದ್ದರು. ಹಿರಿಯರು ಮಾತ್ರ ಹತ್ತಿರ ಬಂದು, ಪಶ್ಚಾತ್ತಾಪಕ್ಕೆ ಬಾಗಿಲು ತೆರೆದಿದೆಯಮ್ಮ ಎಂದರು. ಒಳ್ಳೆಯ ಮನುಷ್ಯ. ಮಗನ ವಯಸ್ಸು ಆರೋ ಏಳೋ ಎಂದದ್ದು ಅವರ ಮುಖ ನೋಡಿದಾಗೆಲ್ಲ ಕಿವಿಯಲ್ಲಿ ಬರುತ್ತದೆ. ಅವರು ಹೇಳಿದ ಉಳಿದದ್ದು ಕೇಳಿಸುವುದಿಲ್ಲ.

ಇವರು ಮನೆಯಲ್ಲಿ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಉಪ್ಪು ಬೇಕಾದರೆ ತಾವೇ ಎದ್ದು ಹೋಗುತ್ತಾರೆ.

ಸೆಪ್ಟೆಂಬರ್ ೭, ಭಾನುವಾರ

ಅವರ ಸಭೆಗೆ ಹೋಗಲಿಲ್ಲ. ತಲೆನೋವಿತ್ತು. ನಾದಿನಿಯ ಮನೆಗೆ ಹೋದೆ. ಕಡ್ಡಿ ಒಳಗಿನ ಕೋಣೆಯಿಂದ ಬರಲಿಲ್ಲ. ಹೊಲಿಸಿದ್ದ ಅಂಗಿ ಕೊಟ್ಟು ಬಂದೆ.

ಅಕ್ಟೋಬರ್ ೫, ಭಾನುವಾರ

ಇವತ್ತೂ ಬರಲಿಲ್ಲ. ಪ್ರತಿ ವಾರ ಹೋಗುತ್ತೇನೆ, ಮುಚ್ಚಿದ ಬಾಗಿಲಿನ ಮುಂದೆ ಕೂತು ಲಾಂಡ್ರಿಯ ಸುದ್ದಿ ಹೇಳುತ್ತೇನೆ. ಒಳಗೆ ಅವಳು ಓಡಾಡುವ ಸದ್ದು ಕೇಳುತ್ತದೆ. ನೆಲ ಅದುರುವ ಹಾಗೆ ನಡೆಯುತ್ತಾಳೆ. ತೂಕ ಏರಿದೆಯಂತೆ, ಶಾಲೆಯ ಓಟದಲ್ಲಿ ಎರಡನೆಯವಳಂತೆ.

ನಾದಿನಿ ಚಹಾ ಕೊಟ್ಟು ಪಕ್ಕದಲ್ಲಿ ಕೂತಳು. ಈಗ ತಾನು ಹಿಡಿದು ಚುಚ್ಚುವುದೇ ಬೇಡ, ಕೂಗುವುದೂ ಬೇಡ, ಹೊತ್ತಿಗೆ ಸರಿಯಾಗಿ ಕಡ್ಡಿ ತಾನೇ ಡಬ್ಬಿ ತಂದು ಎದುರಿಗೆ ಕೂತು ಚುಚ್ಚಿಕೊಳ್ಳುತ್ತಾಳೆ ಎಂದಳು. ಅಷ್ಟು ಹೇಳಿ ಕೈಯಲ್ಲಿದ್ದ ಲೋಟವನ್ನು ತಿರುಗಿಸತೊಡಗಿದಳು. ಇನ್ನೇನೋ ಇದೆ ಎಂದು ಗೊತ್ತಾಯಿತು. ಹೇಳು ಎಂದೆ.

"ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಚುಚ್ಕೊಳ್ಳೋವಾಗ ಪ್ರತಿ ಸಲ, ಇದು ಅಮ್ಮಂಗೆ ಅಂತಾಳೆ. ಹಲ್ಲು ಕಚ್ಕೊಂಡು ಅಂತಾಳೆ. ನಿಮ್ಮ ಮೇಲಿನ ಸಿಟ್ಟಿಗೇ ತಗೊಳ್ತಿದಾಳೆ."

ಬೇಜಾರಿಲ್ಲ ಎಂದೆ. ಚಹಾ ಪೂರ್ತಿ ಕುಡಿದೆ.

ಮನೆಗೆ ಬಂದು ಬಹಳ ದಿನದ ಮೇಲೆ ಮೊಣಕಾಲೂರಿದೆ. ಅವಳ ಸಿಟ್ಟು ಬೇಗ ಇಳಿಯದಿರಲಿ ಎಂದು ಕೇಳಿಕೊಂಡೆ.